ರಸ್ತೆ ಬೀದಿಯಾಗುವ ಹೊತ್ತು

ಒಬ್ಬ ಮನುಷ್ಯನ ಬದುಕು ಪೂರಾ ಕೆಟ್ಟಿತು ಎಂದು ಹೇಳಲು ಕನ್ನಡಕ್ಕೆ ಎರಡೇ ಪದ ಸಾಕು: ಬೀದಿಗೆ ಬಂದ. ಸಾಲಕ್ಕೆ ಮನೆ ಹೋದವರು, ಕಾರ್ಖಾನೆ ಬಾಗಿಲು ಹಾಕಿ ಕೆಲಸ ಕಳೆದುಕೊಂಡವರು, ದಾಯಾದಿಗಳ ವ್ಯಾಜ್ಯದಲ್ಲಿ ಸೋತವರು, ಎಲ್ಲರೂ ಬೀದಿಪಾಲು. ಮನೆಯೊಳಗಿನ ಮಾತು ಹೊರಗೆ ಬಿದ್ದರೆ ಹಾದಿರಂಪ ಬೀದಿರಂಪ. ಓದದ ಹುಡುಗನಿಗೆ 'ಬೀದಿ ಸುತ್ತೋನು' ಎಂಬ ಬೈಗುಳ. ಕೈಬಿಟ್ಟವರು ನಮ್ಮನ್ನು ನಿಲ್ಲಿಸಿ ಹೋಗುವುದೂ ನಡುಬೀದಿಯಲ್ಲೇ.

ಆದರೆ ಇದೇ ಕನ್ನಡದಲ್ಲಿ, ಚೈತ್ರದ ಹುಣ್ಣಿಮೆಯ ರಾತ್ರಿ, ಕರಗವೂ ಬೀದಿಗೆ ಬರುತ್ತದೆ. ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಅದು ನಡೆದು, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುವಾಗ ಜನ ಮಲ್ಲಿಗೆ ಎರಚುತ್ತಾರೆ. ತೇರು ಬೀದಿಗೆ ಬರುವ ದಿನ ಹೆಂಗಸರು ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಾರೆ. ದೇವರು ಬೀದಿಗೆ ಬಂದರೆ ಹಬ್ಬ, ಮನುಷ್ಯ ಬೀದಿಗೆ ಬಂದರೆ ಕೇಡು. ಕ್ರಿಯಾಪದ ಮಾತ್ರ ಒಂದೇ. ಇಷ್ಟು ದೊಡ್ಡ ಮಾನವನ್ನೂ ಇಷ್ಟು ದೊಡ್ಡ ಅವಮಾನವನ್ನೂ ಒಟ್ಟಿಗೆ ಹೊತ್ತ ಇನ್ನೊಂದು ಸಣ್ಣ ಪದ ನನಗೆ ಕನ್ನಡದಲ್ಲಿ ಕಂಡಿಲ್ಲ.

ಸಂಸ್ಕೃತದ ವೀಥಿ ಕನ್ನಡದ ಬಾಯಿಗೆ ಬಿದ್ದು ಬೀದಿಯಾಯಿತು. ವನ ಬನವಾದಂತೆ, ವಸತಿ ಬಸದಿಯಾದಂತೆ. ವೀಥಿ ಕಾವ್ಯದಲ್ಲೇ ಉಳಿಯಿತು, ಬೀದಿ ಮನೆಮುಂದೆ ಬಂದು ನಿಂತಿತು. ಅದಕ್ಕೆ ಮೊದಲೇ ನಮ್ಮಲ್ಲಿ ಕೇರಿ ಇತ್ತು, ಓಣಿ ಇತ್ತು, ಹಾದಿ ಇತ್ತು. ಕೇರಿ ಎಂದ ಕೂಡಲೇ ಯಾವ ಜಾತಿಯವರದ್ದು ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಬೀದಿ ಎಂದರೆ ಆ ಪ್ರಶ್ನೆ ಅಷ್ಟು ಬೇಗ ಏಳುವುದಿಲ್ಲ. ಗುಡಿಯ ಬೀದಿಗಳಲ್ಲಿ ಎಲ್ಲರೂ ಕಾಲಿಡುವ ಹಾಗೆ ಇರಲಿಲ್ಲ ಎಂಬ ಚರಿತ್ರೆಯನ್ನು ಮರೆತು ಈ ಮಾತು ಹೇಳುತ್ತಿಲ್ಲ. ಆ ಬೇಲಿಯನ್ನು ಜನ ಮುರಿದದ್ದೂ ಬೀದಿಗಿಳಿದೇ. 'ಬೀದಿಗಿಳಿ' ಎಂದರೆ ಇಂದು ಹೋರಾಟಕ್ಕಿಳಿ ಎಂದೇ ಅರ್ಥ. 1975ರಲ್ಲಿ ಹುಟ್ಟಿದ 'ಸಮುದಾಯ' ತಂಡ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯ ಕಥೆಯನ್ನು ಊರೂರಿನ ವೃತ್ತಗಳಲ್ಲಿ ಆಡಿ ತೋರಿಸಿತು. ರಂಗಮಂದಿರ, ಪರದೆ, ಟಿಕೆಟ್ಟು ಯಾವುದನ್ನೂ ಬೇಡದ ಆ ಪ್ರಕಾರಕ್ಕೆ ಕನ್ನಡ ಇಟ್ಟ ಹೆಸರು ಬೀದಿನಾಟಕ. ಅಲ್ಲಿಂದ ಮುಂದೆ ಬೀದಿ ಎಂಬುದಕ್ಕೆ ಧೈರ್ಯದ ಅರ್ಥವೂ ಸೇರಿಕೊಂಡಿತು.

ನಾನಿರುವ ಜಿಗಣಿಯಲ್ಲಿ ಈ ಪದ ಬಳಕೆ ತಪ್ಪುತ್ತಿದೆ. ಇಲ್ಲಿ ಲಿಂಕ್ ರೋಡು ಇದೆ, ಮೇನ್ ರೋಡು ಇದೆ, ಕೈಗಾರಿಕಾ ಪ್ರದೇಶದೊಳಗೆ ನಂಬರು ಹೊತ್ತ ಅಡ್ಡರಸ್ತೆಗಳಿವೆ. ಹಳೇ ಊರಿನ ಗುಡಿ ಸುತ್ತಮುತ್ತ ಹಿರಿಯರ ಬಾಯಲ್ಲಷ್ಟೇ ಬೀದಿ ಉಳಿದಿದೆ. ರಸ್ತೆ ಪಾರ್ಸಿಯಿಂದ ಬಂದ ಮಾತು, ರೋಡು ಇಂಗ್ಲಿಷಿನದು. ಎರಡರ ಮೇಲೂ ನನಗೆ ಮುನಿಸಿಲ್ಲ. ಎರಡೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಇರುವಂಥವು. ಗ್ರಾನೈಟ್ ಹೊತ್ತ ಲಾರಿ, ಕಂಪನಿ ಬಸ್ಸು, ಶಿಫ್ಟಿಗೆ ಓಡುವ ಸ್ಕೂಟರು ಇವೆಲ್ಲ ರಸ್ತೆಯಿಂದ ಕೇಳುವುದು ಒಂದೇ, ಬೇಗ ದಾಟಿಸು. ಬೀದಿಯ ಕೆಲಸ ಬೇರೆ. ಬೀದಿ ನಿಲ್ಲಿಸಬೇಕು.

ಹಾಗೆ ನಿಲ್ಲಿಸಿಕೊಳ್ಳುವ ಬೀದಿ ಬೇಕೆನಿಸಿದಾಗ ನಾನು ಹೋಗುವುದು ಬಸವನಗುಡಿಯ ಗಾಂಧಿ ಬಜಾರಿಗೆ. ಮೊದಲು ಜಿಗಣಿಯಿಂದ ಬಸವನಗುಡಿ ಎಂದರೆ ಅರ್ಧ ದಿನದ ಮಾತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಬೊಮ್ಮಸಂದ್ರದವರೆಗೆ ಬಸ್ಸು, ಅಲ್ಲಿಂದ ಆರ್.ವಿ. ರಸ್ತೆ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ನ್ಯಾಷನಲ್ ಕಾಲೇಜು ನಿಲ್ದಾಣ. ಇಳಿದು ನಡೆದರೆ ಹೂವು, ವೀಳ್ಯದೆಲೆ, ಹಣ್ಣಿನ ರಾಶಿ, ಅವುಗಳ ನಡುವೆ ಕಾಫಿಪುಡಿಯ ಘಮ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಪೇಟೆಯನ್ನು ನಡುಗಿಸಿದಾಗ ಜನ ಇಕ್ಕಟ್ಟಿನ ಕೇರಿಗಳನ್ನು ಬಿಟ್ಟು ಹೊಸ ಬಡಾವಣೆಗಳಿಗೆ ಬಂದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಹೀಗೆ. ಅಗಲವಾದ ನೇರ ರಸ್ತೆಗಳು ಅಂದೂ ನಕ್ಷೆಯ ಮೇಲಿನ ಗೆರೆಗಳೇ. ಅವು ಬೀದಿಯಾದದ್ದು ಆಮೇಲೆ, ಜನರಿಂದ. 1943ರಲ್ಲಿ ಇಲ್ಲಿ ಶುರುವಾದ ವಿದ್ಯಾರ್ಥಿ ಭವನ ಹೋಟೆಲಿನ ಹೆಸರೇ ಹೇಳುವಂತೆ ಅದು ಮೊದಲು ನೋಡಿದ್ದು ಓದುವ ಹುಡುಗರ ಹೊಟ್ಟೆ. ಅದೇ ವರ್ಷ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' ಪ್ರಕಟವಾಯಿತು. ಎರಡು ವರ್ಷದ ಮೇಲೆ ಅವರೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಇಲ್ಲೇ ಸಮೀಪ, ಬುಲ್ ಟೆಂಪಲ್ ರಸ್ತೆಯಲ್ಲಿ. ಗವಿಪುರದ ಮನೆಯಿಂದ ಮಾಸ್ತಿಯವರು ಬಸವನಗುಡಿ ಕ್ಲಬ್ಬಿಗೆ ನಡೆದು ಬರುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. 1983ರ ಜ್ಞಾನಪೀಠ ಅವರಿಗೆ ಬಂದಾಗ ಈ ಬೀದಿಗಳಿಗೆ ಅವರು ಹಳೆಯ ಪರಿಚಯಸ್ಥರು. ಸಾಹಿತಿಗಳು ಬಂದು ಕಾಫಿ ಕುಡಿದದ್ದರ ಗುರುತಾಗಿ ವಿದ್ಯಾರ್ಥಿ ಭವನದ ಗೋಡೆಯ ಮೇಲೆ ಅವರ ರೇಖಾಚಿತ್ರಗಳಿವೆ. ಅವುಗಳ ಕೆಳಗೆ ಕೂತು, ಮೊಣಕೈವರೆಗೆ ಮಸಾಲೆದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವವರನ್ನು ನೋಡುತ್ತ ಕಾಯುವುದು ನನಗೆ ತಿನ್ನುವಷ್ಟೇ ಇಷ್ಟ.

ಬೀದಿಯೊಂದು ಮನುಷ್ಯನ ಒಳಗೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರೇ ಸಾಕ್ಷಿ: 'ಮನಸು ಗಾಂಧಿ ಬಜಾರು', 1960. ದೇವನಹಳ್ಳಿಯಲ್ಲಿ ಹುಟ್ಟಿದ ಕವಿ ತನ್ನ ಮನಸ್ಸಿಗೆ ಹೋಲಿಕೆ ಹುಡುಕುವಾಗ ಬೆಟ್ಟ, ನದಿ, ಕಡಲು ಇದ್ದೂ ಹೂವು ತರಕಾರಿ ಮಾರುವ ಒಂದು ಬೀದಿಯನ್ನು ಆರಿಸಿಕೊಂಡರು. ಕನ್ನಡ ಕಾವ್ಯ ಪಟ್ಟಣವನ್ನು ತನ್ನದೆಂದು ಒಪ್ಪಿಕೊಂಡ ಗಳಿಗೆಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಸಂಗೀತ ಇಲ್ಲಿಂದ ದೂರವಿಲ್ಲ. 1905ರ ಬೆಂಗಳೂರು ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲಿದೆ. ಆಚೆ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆಯುತ್ತ ಬಂದವು. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದರು, ಬಿಸ್ಮಿಲ್ಲಾ ಖಾನರ ಶಹನಾಯಿ ನುಡಿಯಿತು. ಚಪ್ಪರದೊಳಗೆ ಹೋಗಲಾಗದವರು ಹೊರಗೆ ಕೂತು ಕೇಳುತ್ತಿದ್ದುದನ್ನು ಹಿರಿಯರು ಈಗಲೂ ಹೇಳುತ್ತಾರೆ. ನನಗೆ ಆ ಹೊರಗಿನ ಸಾಲೇ ಮುಖ್ಯ. ಸಭಾಂಗಣದ ಸಂಗೀತ ಟಿಕೆಟ್ಟಿನವರದು. ಗೋಡೆ ದಾಟಿ ಬೀದಿಗೆ ಬಂದ ಸಂಗೀತ ಊರಿನದು.

ಊಟ, ಮಾತು, ಹಾಡು ಈ ಮೂರು ಕೂಡಿದ ಬೀದಿಗಳು ಬೇರೆ ದೇಶಗಳಲ್ಲೂ ಇವೆ. ಬೆಲ್‌ಗ್ರೇಡಿನ ಸ್ಕದಾರ್ಲಿಯಾ ಎಂಬ ಕಲ್ಲುಹಾಸಿನ ಇಳಿಜಾರು ಬೀದಿಯಲ್ಲಿ 1864ರಿಂದ 'ಮೂರು ಟೋಪಿ' ಎಂಬ ಹೋಟೆಲಿದೆ. ಕವಿ ಜೂರಾ ಯಾಕ್ಷಿಚ್ ಅದೇ ಬೀದಿಯಲ್ಲಿ ಬಾಳಿ 1878ರಲ್ಲಿ ತೀರಿಕೊಂಡರು. ಮೇಜಿನಿಂದ ಮೇಜಿಗೆ ಪಿಟೀಲು ನುಡಿಸುತ್ತ ವಾದ್ಯಗಾರರು ಇಂದಿಗೂ ಅಲ್ಲಿ ತಿರುಗುತ್ತಾರೆ. ಅಲ್ಲಿ ವೈನು, ಇಲ್ಲಿ ಬೈಟು ಕಾಫಿ. ಕಾಸಿಲ್ಲದ ಕವಿ ಹೆಚ್ಚು ಹೊತ್ತು ಕೂತರೆ ಎಬ್ಬಿಸದ ಮಾಲೀಕ ಎರಡು ಕಡೆಗೂ ಬೇಕು.

ಊಟ, ಮಾತು, ಕಲೆ ಬೀದಿಯಲ್ಲಿ ಕೂಡುವುದನ್ನು ಉಡುಪಿಯವರು ಮೊದಲೇ ಅರಿತವರು. ಕೃಷ್ಣ ಮಠ, ಸುತ್ತ ಅಷ್ಟಮಠಗಳು, ನಡುವೆ ತೇರು ತಿರುಗುವ ರಥಬೀದಿ. ದೇಶಕ್ಕೆಲ್ಲ ಇಡ್ಲಿ ದೋಸೆ ಬಡಿಸಿದ ಅಡುಗೆಯ ತವರು ಆ ಬೀದಿಯ ಆಸುಪಾಸು. ಅಲ್ಲಿನ ಮಿತ್ರ ಸಮಾಜದ ಗೋಳಿಬಜೆ ತಿಂದವರಿಗೆ ಹೆಚ್ಚು ಹೇಳಬೇಕಿಲ್ಲ. ಸಾಹಿತ್ಯ, ನಾಟಕದ ಹುಚ್ಚಿದ್ದವರು ಅಲ್ಲೊಂದು ಸಂಘಟನೆ ಕಟ್ಟಿ ಅದಕ್ಕೆ 'ರಥಬೀದಿ ಗೆಳೆಯರು' ಎಂದು ಹೆಸರಿಟ್ಟರು. ಬೀದಿಯೇ ಗೆಳೆತನದ ವಿಳಾಸವಾಯಿತು.

ಇದಕ್ಕೆ ವಿರುದ್ಧವಾದ ಕಥೆ ಹಂಪಿಯದು. ವಿರೂಪಾಕ್ಷನ ತೇರುಬೀದಿಯ ಎರಡೂ ಬದಿಯ ಕಲ್ಲುಮಂಟಪಗಳಲ್ಲಿ ಕುಟುಂಬಗಳು ಬಾಳುತ್ತಿದ್ದವು, ಅಂಗಡಿಗಳಿದ್ದವು, ಸಣ್ಣ ಹೋಟೆಲುಗಳಿದ್ದವು. ಸ್ಮಾರಕ ಕಾಪಾಡಬೇಕೆಂದು 2011ರ ಜುಲೈಯಲ್ಲಿ ಅವರನ್ನು ಎಬ್ಬಿಸಿ ಕಟ್ಟಡಗಳನ್ನು ಕೆಡವಿದರು. ಅಂದು ಬೀದಿಯಲ್ಲಿದ್ದವರೇ ಬೀದಿಗೆ ಬಿದ್ದರು. ಕಲ್ಲು ಉಳಿಸಬೇಕು ನಿಜ. ಆದರೆ ಸಾಮ್ರಾಜ್ಯದ ಕಾಲದಿಂದ ಕೊಡುಕೊಳ್ಳುವಿಕೆಗೆಂದೇ ಇದ್ದ ಬೀದಿಯನ್ನು ಖಾಲಿ ಮಾಡಿ ನೋಡುವುದಕ್ಕೆ ಮಾತ್ರ ಉಳಿಸಿದ್ದು ತಪ್ಪು.

ಗಾಂಧಿ ಬಜಾರಿನ ಪಕ್ಕದ ವಿ.ವಿ. ಪುರದಲ್ಲಿ ಸಜ್ಜನ್ ರಾವ್ ವೃತ್ತದ ಬಳಿಯ ಸಾಲಂಗಡಿಗಳಿಗೆ ಜನ 'ತಿಂಡಿ ಬೀದಿ' ಎನ್ನುತ್ತಾರೆ. ಚಳಿಗಾಲದಲ್ಲಿ ಅವರೇಬೇಳೆ ಮೇಳ ನಡೆದಾಗ ಹಿತಕಿದ ಬೇಳೆಯ ಸೊಗಡು ಆ ಪ್ರದೇಶಕ್ಕೆಲ್ಲ ಹರಡುತ್ತಿತ್ತು. ಫುಡ್ ಸ್ಟ್ರೀಟ್ ಎಂಬ ಹೆಸರೂ ಓಡಾಡುತ್ತದೆ, ಆದರೂ ತಿಂಡಿ ಬೀದಿ ಸೋತಿಲ್ಲ. ಅವಮಾನದ ಅರ್ಥವನ್ನು ಪೂರ್ತಿ ಕೊಡವಿಕೊಂಡು ಬೀದಿ ನಗುನಗುತ್ತ ನಿಂತ ಜೋಡುಪದ ಅದು.

ಜಿಗಣಿಗೆ ಮರಳುತ್ತೇನೆ. ಸಂಜೆ ಶಿಫ್ಟು ಬಿಟ್ಟ ಮೇಲೆ ಇಲ್ಲಿಯ ವೃತ್ತದ ಸುತ್ತ ಗಾಡಿಗಳು ಸಾಲಾಗುತ್ತವೆ. ಎಗ್ ರೈಸ್, ಗೋಬಿ, ಪಾನಿಪೂರಿ, ಇಡ್ಲಿ, ಬೋಂಡ. ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು, ರಾಯಚೂರು ಕಲಬುರಗಿ ಕಡೆಯವರು, ಆನೇಕಲ್ ಸುತ್ತಲಿನವರು ಒಂದೇ ಗಾಡಿಯ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಒಬ್ಬನ ಮೊಬೈಲಿನಲ್ಲಿ ಭೋಜಪುರಿ ಹಾಡು, ಇನ್ನೊಬ್ಬನದ್ದರಲ್ಲಿ ಉತ್ತರ ಕರ್ನಾಟಕದ ಜಾನಪದ. ಗಾಡಿ ಇಟ್ಟ ಹೆಂಗಸರು 'ಬೀದೀಲಿ ವ್ಯಾಪಾರ ಮಾಡ್ತೀವಿ' ಅನ್ನುವುದಿಲ್ಲ, 'ರೋಡಲ್ಲಿ ಗಾಡಿ ಹಾಕಿದೀವಿ' ಅನ್ನುತ್ತಾರೆ. ಬೀದಿಯ ಹಳೇ ಕಳಂಕ ಅವರ ನಾಲಿಗೆಗೆ ಗೊತ್ತಿದೆ. ಸರ್ಕಾರದ ಕನ್ನಡ ಕೂಡ ಎಷ್ಟೋ ಕಡೆ ಒಂದು 'ಬದಿ' ಸೇರಿಸಿ ಅವರನ್ನು 'ಬೀದಿಬದಿ ವ್ಯಾಪಾರಿ' ಎಂದು ಅಂಚಿಗೆ ಸರಿಸಿದೆ. ನನ್ನ ಕಣ್ಣಿಗೆ ಮಾತ್ರ ಆ ಎರಡು ಮೂರು ಗಂಟೆ ಜಿಗಣಿಯ ರಸ್ತೆ ಬೀದಿಯಾಗಿರುತ್ತದೆ. ದಾಟಿ ಹೋಗುವವರು ನಿಂತಿರುತ್ತಾರೆ, ಪಕ್ಕದವನ ಊರು ಕೇಳಿರುತ್ತಾರೆ.

ಕೂರಲು ಮಾತ್ರ ಜಾಗವಿಲ್ಲ. ಹಳೆಯ ಬೀದಿಗೆ ಮನೆಮನೆಯ ಜಗಲಿ ಇತ್ತು. ಜಗಲಿಯಿಲ್ಲದ ಬೀದಿಯಲ್ಲಿ ಹರಟೆ ಹುಟ್ಟದು, ಹಾಡಂತೂ ಹುಟ್ಟದು. 'ಬೀದಿ ಕೂಸು ಬೆಳೆಯಿತು, ಕೋಣೆ ಕೂಸು ಕೊಳೆಯಿತು' ಎಂಬ ಗಾದೆ ಕಟ್ಟಿದವರಿಗೆ ಇದು ಗೊತ್ತಿತ್ತು. ಪಿ.ಜಿ. ಕೋಣೆಯಲ್ಲಿ ನಾಲ್ಕೈದು ಮಂಚಗಳ ನಡುವೆ ಮಲಗಿ ಎದ್ದು ಕೆಲಸಕ್ಕೆ ಹೋಗುವ ಈ ಹುಡುಗ ಹುಡುಗಿಯರಿಗೆ ಬೀದಿಯಲ್ಲದೆ ಬೇರೆ ಅಂಗಳ ಯಾವುದಿದೆ?

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಕೂರಬೇಕು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ವ್ಯಾಪಾರ ವಲಯ ಗುರುತಿಸಬೇಕು ಎನ್ನುತ್ತದೆ. ಜಿಗಣಿ ಪುರಸಭೆಯವರಲ್ಲಿ ನನ್ನ ಕೋರಿಕೆ ಇಷ್ಟು: ಆ ಕಾಯ್ದೆಯಂತೆ ವೃತ್ತದ ಹತ್ತಿರ ಲಾರಿ ಬಾರದ ಒಂದು ಉದ್ದದ ಜಾಗ ಗುರುತಿಸಿ, ನೀರು, ದೀಪ, ಶೌಚಾಲಯ ಕೊಡಿ. ಇಲ್ಲಿಯ ಗ್ರಾನೈಟ್ ಕಾರ್ಖಾನೆಗಳವರೂ ಕೈಜೋಡಿಸಲಿ, ಮಿಕ್ಕ ಚಪ್ಪಡಿಗಳಲ್ಲೇ ಎರಡು ಸಾಲು ಕಲ್ಲು ಬೆಂಚು ಹಾಕಿಸಬಹುದು. ಒಂದು ಮೂಲೆಯಲ್ಲಿ ಸಣ್ಣ ಕಟ್ಟೆ ಇರಲಿ, ಭಾನುವಾರ ಯಾರಾದರೂ ತಮಟೆಯೋ ಹಾರ್ಮೋನಿಯಮ್ಮೋ ತಂದು ಕೂರಲಿ. ಬೋರ್ಡು ಬರೆಸುವಾಗ ದಯವಿಟ್ಟು ಫುಡ್ ಝೋನ್ ಎನ್ನಬೇಡಿ, ಬೀದಿ ಎಂದೇ ಬರೆಸಿ.