ಅವರೆಕಾಳು ಕಡಲು ದಾಟುವ ಬಗೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಎಷ್ಟೋ ಮನೆಗಳ ಮಕ್ಕಳು ದಶಕಗಳಿಂದ ಅಮೆರಿಕದಲ್ಲಿದ್ದಾರೆ. ರಜೆಗೆ ಬಂದವರು ಹೊರಟಾಗ ಸೂಟ್‌ಕೇಸ್ ಸೇರುವುದು ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ; ಒಣಗಿದ್ದು ಮಾತ್ರ. ಕಾಯಿತುರಿ, ನುಗ್ಗೆಕಾಯಿ, ಹಸಿ ಕಾಳುಗಳು ಹೋಗುವ ದಾರಿ ಬೇರೆ. ಅವು ಮೈನಸ್ 18 ಡಿಗ್ರಿಯ ಉಕ್ಕಿನ ಪೆಟ್ಟಿಗೆಯಲ್ಲಿ, ವಾರಗಟ್ಟಲೆ ಹಡಗಿನ ಮೇಲೆ ಪ್ರಯಾಣ ಮಾಡುತ್ತವೆ. ಈ ವ್ಯಾಪಾರದಲ್ಲಿ ಬೆಂಗಳೂರಿನ ಸುತ್ತಲಿನ ಬೆಳೆಗಳ ಪಾಲು ಯಾಕೆ ಇಷ್ಟು ಕಡಿಮೆ ಎಂಬುದಕ್ಕೆ ಉತ್ತರ ಸಮುದ್ರದಲ್ಲಿಲ್ಲ, ನಮ್ಮ ಹೊಲದ ಬದಿಯಲ್ಲಿದೆ.

ಹಡಗಿನ ತಂಪು ಮೊದಲು ನಮ್ಮತ್ತ ಬಂತು. 1833ರಲ್ಲಿ ಬಾಸ್ಟನ್‌ನಿಂದ ‘ಟಸ್ಕನಿ’ ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಹೊರಟು, ನಾಲ್ಕು ತಿಂಗಳ ಮೇಲೆ ಕಲ್ಕತ್ತೆಗೆ ಬಂದಾಗ ಸುಮಾರು 100 ಟನ್ ಉಳಿದಿತ್ತು. ಅದೇ ವ್ಯಾಪಾರಕ್ಕಾಗಿ ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಈಗಲೂ ವಿವೇಕಾನಂದರ ಹೆಸರಿನಲ್ಲಿ ನಿಂತಿದೆ. ಯಂತ್ರದ ತಂಪು ಬಂದದ್ದು ಆಮೇಲೆ. 1882ರಲ್ಲಿ ‘ಡುನೆಡಿನ್’ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು 98 ದಿನಗಳಲ್ಲಿ ಲಂಡನ್ನಿಗೆ ಮುಟ್ಟಿಸಿತು. ಆಗಿನಿಂದ ದೂರ ಎಂಬುದು ಆಹಾರಕ್ಕೆ ಅಡ್ಡಿಯಾಗಲಿಲ್ಲ, ತಂಪು ಮಾಡುವ ಯಂತ್ರ ಎಲ್ಲಿದೆ ಎಂಬುದೇ ಮುಖ್ಯವಾಯಿತು.

ನಮ್ಮ ಕಡೆ ಇದನ್ನು ಮೊದಲು ಅರಿತವರು ಕರಾವಳಿಯವರು. 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹೋಯಿತು. ಕೇರಳದಲ್ಲಿ ಶುರುವಾದ ನಾರ್ವೆ ನೆರವಿನ ಮೀನುಗಾರಿಕೆ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. 1972ರಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಎರಡು ವರ್ಷಕ್ಕೆ ನವಮಂಗಳೂರು ದೇಶದ ಪ್ರಮುಖ ಬಂದರುಗಳ ಪಟ್ಟಿ ಸೇರಿತು. ಮೀನು ದಡಕ್ಕೆ ಬಿದ್ದ ಗಳಿಗೆಯಿಂದಲೇ ಕೆಡತೊಡಗುತ್ತದೆ. ಹಾಗಾಗಿ ಐಸ್ ಫ್ಯಾಕ್ಟರಿ, ಫ್ರೀಜಿಂಗ್ ಪ್ಲಾಂಟ್ ದಡದ ಹತ್ತಿರವೇ ಎದ್ದವು. ಬೊಂಡಾಸ್ (ಸ್ಕ್ವಿಡ್), ಸಿಗಡಿ, ಸುರಿಮಿ ಎಂಬ ಮೀನಿನ ಹಿಟ್ಟು ಇಂದು ಅಲ್ಲಿಂದ ಹೋಗುತ್ತಿರುವುದರ ಗುಟ್ಟು ಇಷ್ಟೇ.

ಬೆಂಗಳೂರಿನಲ್ಲಿ ಹಣ್ಣು ತರಕಾರಿಗೆ ಸಂಘಟನೆಯ ಕೊರತೆ ಇರಲಿಲ್ಲ. ತೋಟಗಾರಿಕಾ ತಜ್ಞ ಮರಿಗೌಡರ ಕಾಳಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಲಾಲ್‌ಬಾಗ್ ಬಳಿಯ ಇಂದಿನ ಹಾಪ್‌ಕಾಮ್ಸ್. ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂತು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ತೆರೆದದ್ದೂ 1981ರಲ್ಲಿ, ಬೆಂಗಳೂರಿನಲ್ಲೇ. ಬಂದರಿಲ್ಲದ ಊರಿನಲ್ಲಿ ಕಸ್ಟಮ್ಸ್ ಮುಗಿಸಿ, ಸೀಲ್ ಹಾಕಿ, ಸುಮಾರು 350 ಕಿಲೋಮೀಟರ್ ದೂರದ ಚೆನ್ನೈಗೆ ಪೆಟ್ಟಿಗೆ ಕಳಿಸುವ ಏರ್ಪಾಡು ಅದು. ಉಡುಪು, ಯಂತ್ರಭಾಗಗಳಿಗೆ ಅದು ವರವಾಯಿತು. ಹಸಿ ಆಹಾರಕ್ಕೆ ಅಷ್ಟು ಒದಗಲಿಲ್ಲ.

ಹೀಗಾಗಿ ನಮ್ಮ ಊರು ಬೇರೆ ದಾರಿ ಹಿಡಿಯಿತು: ತಂಪಿನ ಹಂಗಿಲ್ಲದೆ ಆಹಾರ ಕಳಿಸುವುದನ್ನು ಚೆನ್ನಾಗಿ ಕಲಿತಿತು. ಗರ್ಕಿನ್ ಎಂಬ ಮಿಡಿಸೌತೆ ಉಪ್ಪುನೀರು, ವಿನೆಗರ್ ತುಂಬಿದ ಡ್ರಮ್ಮುಗಳಲ್ಲಿ ಹೋಗುತ್ತದೆ. 1924ರಲ್ಲಿ ಶುರುವಾದ ಎಂಟಿಆರ್, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗೆಂದು ರೂಪಿಸಿದ ರಿಟಾರ್ಟ್ ಪೌಚ್ (ಮುಚ್ಚಿದ ಪೊಟ್ಟಣದಲ್ಲೇ ಬೇಯಿಸಿ ಕೆಡದಂತೆ ಇಡುವ) ವಿದ್ಯೆಯನ್ನು ತನ್ನದಾಗಿಸಿಕೊಂಡು ಬಿಸಿಬೇಳೆಬಾತನ್ನು ಫ್ರಿಜ್ ಇಲ್ಲದೆಯೇ ವಿದೇಶದ ಅಂಗಡಿಗೆ ಮುಟ್ಟಿಸಿತು. ಇದು ಸಣ್ಣ ಸಾಧನೆಯಲ್ಲ.

ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯದೂ ಅದೇ ಕತೆ. ನಮ್ಮ ಅಡುಗೆಮನೆಗಳು ಅಷ್ಟಾಗಿ ಬಳಸದ ಈ ಘಾಟಿನ ಈರುಳ್ಳಿಗೆ ಮಲೇಷ್ಯಾ, ಸಿಂಗಪುರ, ಶ್ರೀಲಂಕಾಗಳೇ ಗಿರಾಕಿ. ಅದಕ್ಕೆ ಬೇಕಾದದ್ದು ಗಾಳಿ. ರೀಫರ್, ಅಂದರೆ ಒಳಗೆ ತಂಪು ಕಾಯುವ ಕಂಟೇನರಿನಲ್ಲಿ ಹಾಕಿದರೂ ಗಾಳಿಕಿಂಡಿ ತೆರೆದಿಡಬೇಕು. ಈ ವ್ಯಾಪಾರವನ್ನು ಕೆಡಿಸಿದ್ದು ಬಿಸಿಲಿಗಿಂತ ಹೆಚ್ಚಾಗಿ ಸರ್ಕಾರದ ಆದೇಶಗಳು. 2020ರ ಸೆಪ್ಟೆಂಬರಿನಲ್ಲಿ ಈರುಳ್ಳಿ ರಫ್ತು ನಿಂತಿತು. ಮರುತಿಂಗಳು ಗುಲಾಬಿ ಈರುಳ್ಳಿಗೆ 10,000 ಟನ್, ಅದೂ ಚೆನ್ನೈ ಬಂದರಿನಿಂದಲೇ ಎಂಬ ವಿನಾಯಿತಿ ಸಿಕ್ಕಿತು. 2023ರ ಡಿಸೆಂಬರಿನಲ್ಲಿ ಮತ್ತೆ ನಿಷೇಧ. ಊರಿನವರು ಅಷ್ಟಾಗಿ ತಿನ್ನದ ಬೆಳೆಯನ್ನು ಊರಿನ ಬೆಲೆ ಇಳಿಸಲೆಂದು ತಡೆಯುವುದು ರೈತರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇನ್ನು ರೀಫರ್ ಎಂಬ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಬೇಕು. ಬಾಗಿಲು ತೆಗೆದರೆ ನೆಲ ಸಮತಟ್ಟಾಗಿಲ್ಲ. ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿಗಳು, ನಡುವೆ ಸಂದು. ತುದಿಯ ಯಂತ್ರದಿಂದ ಹೊರಟ ತಣ್ಣನೆಯ ಗಾಳಿ ಆ ಸಂದುಗಳಲ್ಲಿ ಹರಿದು, ಪೆಟ್ಟಿಗೆಗಳ ನಡುವೆ ಮೇಲೇರಿ, ಸೂರಿನಡಿಯಿಂದ ಯಂತ್ರಕ್ಕೆ ಮರಳುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಕೆಂಪು ಗೆರೆ. ಸರಕು ಅದನ್ನು ದಾಟಿದರೆ ಗಾಳಿಯ ದಾರಿ ಕಟ್ಟಿತು. ವಿದ್ಯುತ್ತಿಗೆ ರಸ್ತೆಯಲ್ಲಿ ಜೆನ್‌ಸೆಟ್ (ಜನರೇಟರ್), ಯಾರ್ಡಿನಲ್ಲಿ, ಹಡಗಿನಲ್ಲಿ ಪ್ಲಗ್. ಆದರೆ ಈ ಯಂತ್ರ ಸರಕಿನಲ್ಲಿರುವ ತಂಪನ್ನು ಕಾಯುತ್ತದೆಯೇ ಹೊರತು ಬಿಸಿ ಸರಕನ್ನು ತಂಪು ಮಾಡುವ ಶಕ್ತಿ ಅದಕ್ಕಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕಿತ್ತು ಹಾಗೇ ತುಂಬಿದ ಹಣ್ಣು ದಾರಿಯುದ್ದಕ್ಕೂ ಒಳಗೇ ಬೇಯುತ್ತದೆ. ಕಿತ್ತ ಕೆಲವೇ ಗಂಟೆಗಳಲ್ಲಿ ಪ್ರೀ-ಕೂಲಿಂಗ್, ಅಂದರೆ ಮೊದಲೇ ತಂಪು ಮಾಡುವ ಕೆಲಸ, ಆಗಬೇಕು, ಹೆಪ್ಪುಗಟ್ಟಿಸುವುದಾದರೆ ಬೇಗ ಹೆಪ್ಪುಗಟ್ಟಿಸುವ ಬ್ಲಾಸ್ಟ್ ಫ್ರೀಜರ್ ಹತ್ತಿರವಿರಬೇಕು. ನಿಧಾನವಾಗಿ ಹೆಪ್ಪುಗಟ್ಟಿದ ತರಕಾರಿಯಲ್ಲಿ ದೊಡ್ಡ ಹರಳುಗಳಾಗಿ ಜೀವಕೋಶ ಒಡೆದು, ಕರಗಿದಾಗ ನೀರು ಬಿಡುತ್ತದೆ.

ಹಸಿ ಹಣ್ಣಿನದು ಇನ್ನೂ ಸೂಕ್ಷ್ಮ. ಮಾವಿಗೆ 12–13 ಡಿಗ್ರಿ ಬೇಕು. ಕೆಳಗಿಳಿದರೆ ಸಿಪ್ಪೆ ಕಪ್ಪಾಗಿ, ಹಣ್ಣಾಗದೆ ಉಳಿಯುತ್ತದೆ. ಅಮೆರಿಕ 2007ರಲ್ಲಿ ಮತ್ತೆ ಬಾಗಿಲು ತೆರೆದಾಗಿನಿಂದ ನಮ್ಮ ಮಾವು ವಿಕಿರಣ ಸಂಸ್ಕರಣೆಯಾಗಿ ಬಹುಪಾಲು ವಿಮಾನದಲ್ಲಿ ಹೋಗುತ್ತ ಬಂದಿದೆ. 2022ರಲ್ಲಿ ಮಹಾರಾಷ್ಟ್ರದ ಮಾವು ನ್ಹಾವಾ ಶೇವಾ ಬಂದರಿನಿಂದ ಸುಮಾರು 25 ದಿನ ಹಡಗಿನಲ್ಲಿ ಸಾಗಿ ಅಮೆರಿಕ ಮುಟ್ಟಿತು. 2025ರಲ್ಲಿ ಭಗ್ವಾ ತಳಿಯ ದಾಳಿಂಬೆಯೂ ಹಡಗಿನಲ್ಲೇ ನ್ಯೂಯಾರ್ಕ್ ಸೇರಿತು. ಬಾಗಲಕೋಟೆಯ ದಾಳಿಂಬೆ ಬೆಳೆಗಾರರಿಗೆ ಇದು ನೇರವಾಗಿ ಸಂಬಂಧಪಟ್ಟ ಸುದ್ದಿ.

ಅವರೆಗೆ ಬರೋಣ. ಜನವರಿಯಲ್ಲಿ ಮಾಗಡಿ ಕಡೆಯ ಸೊಗಡವರೆ ಗಾಂಧಿ ಬಜಾರಿಗೆ, ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಬಂದು ಬೀಳುತ್ತದೆ, ವಿ.ವಿ. ಪುರದಲ್ಲಿ ಹಿತಕಿದ ಬೇಳೆಯ ಮೇಳವೇ ನಡೆದಿದೆ. ಆದರೆ ಅಮೆರಿಕದ ಕನ್ನಡಿಗರ ಮನೆಯಲ್ಲಿ ಅವರೆಕಾಳಿನ ಉಪ್ಪಿಟ್ಟಿಗೆ ಒದಗುವುದು ಬಹಳಮಟ್ಟಿಗೆ ಗುಜರಾತಿ ಅಂಗಡಿಯ ಫ್ರೀಜರಿನಲ್ಲಿರುವ ಸೂರ್ತಿ ಪಾಪಡಿ ಲಿಲ್ವಾ. ಕಾಳು ಅದೇ ಜಾತಿಯದು, ಸೊಗಡು ಮಾತ್ರ ಇಲ್ಲ. ಗುಜರಾತಿನವರು ತರಕಾರಿ ಬೆಳೆಯುವ ಸೀಮೆಯಲ್ಲೇ ಫ್ರೀಜಿಂಗ್ ಫ್ಯಾಕ್ಟರಿ ಹಾಕಿದರು, ಬಂದರೂ ದೂರವಿರಲಿಲ್ಲ, ವಿದೇಶದಲ್ಲಿ ತಮ್ಮವರದೇ ಅಂಗಡಿಗಳಿದ್ದವು. ತೆಂಗಿನತುರಿ, ನುಗ್ಗೆಕಾಯಿಯಲ್ಲಿ ಕೇರಳದ ಕಂಪನಿಗಳೂ ಹೀಗೇ ಮುಂದೆ ಹೋದವು.

ಮಾಗಡಿಯಲ್ಲಿ ಬ್ಲಾಸ್ಟ್ ಫ್ರೀಜರ್ ಹಾಕಲು ಯಾರಿಗೂ ಧೈರ್ಯ ಬರದಿರುವುದಕ್ಕೆ ಕಾರಣವಿದೆ. ಅವರೆಯ ಸುಗ್ಗಿ ಎರಡು ಮೂರು ತಿಂಗಳಿನದು. ಉಳಿದ ಕಾಲ ಯಂತ್ರ ಸುಮ್ಮನಿದ್ದರೆ ಸಾಲದ ಕಂತು ನಿಲ್ಲುವುದಿಲ್ಲ. ಆದರೆ ಈ ಸೀಮೆಯಲ್ಲಿ ಬೆಳೆಗಳ ಸಾಲು ಮುಗಿಯುವುದೂ ಇಲ್ಲ. ಅವರೆ ಮುಗಿಯುವ ಹೊತ್ತಿಗೆ ರಾಮನಗರದ ಮಾವು ಹತ್ತಿರ ಬರುತ್ತದೆ, ಅದರ ಬೆನ್ನಿಗೆ ದೊಡ್ಡಬಳ್ಳಾಪುರದ ತೂಬಗೆರೆಯ ಹಲಸಿನ ತೊಳೆ. ಬೀನ್ಸ್, ಕ್ಯಾರೆಟ್, ಎಳೆ ಜೋಳ ವರ್ಷದುದ್ದಕ್ಕೂ ಇದ್ದೇ ಇವೆ. ಒಬ್ಬೊಬ್ಬ ರೈತನಿಂದ ಇದು ಆಗದು. 1959ರಲ್ಲಿ ದ್ರಾಕ್ಷಿಯವರು ಒಟ್ಟುಗೂಡಿದ ಹಾಗೆ ಅವರೆ, ಮಾವು, ಹಲಸಿನವರು ಒಂದೇ ಫ್ರೀಜರಿನ ಮೇಲೆ ಪಾಳಿ ಹಂಚಿಕೊಂಡರೆ, ಮಾಗಡಿ ರಸ್ತೆಯಿಂದ ಹೊರಟ ರೀಫರ್ ಬೆಳಗಾಗುವಷ್ಟರಲ್ಲಿ ಚೆನ್ನೈ ಯಾರ್ಡಿನ ಪ್ಲಗ್ಗಿಗೆ ಸೇರಬಲ್ಲದು.