ಪೊರೆ ತೆಗೆದ ಮೇಲೆ ಚಾಳೀಸು

ಎತ್ತರದ ಬೆಟ್ಟಗಳಲ್ಲಿ ಬಿಸಿಲು ಚುರುಕು, ಹಾಗಾಗಿ ಅಲ್ಲಿನವರ ಕಣ್ಣಿಗೆ ಪೊರೆಯೂ ಹೆಚ್ಚು ಎಂದರೆ ಯಾರಾದರೂ ಒಪ್ಪಿಯಾರು. ನೇಪಾಳದ 105 ಕಡೆ ಸುಮಾರು 30 ಸಾವಿರ ಜನರ ಕಣ್ಣು ನೋಡಿ 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಸಾವಿರ ಮೀಟರಿಗಿಂತ ಮೇಲಿನ ಊರುಗಳಿಗಿಂತ ತಗ್ಗಿನ ಬಯಲಲ್ಲೇ ಪೊರೆ ಎರಡೂವರೆ ಪಟ್ಟಿಗೂ ಹೆಚ್ಚಿತ್ತು. ಮೇಲಿನವರಿಗೆ ಸುತ್ತಲ ಬೆಟ್ಟಗಳೇ ನೆರಳು ಕೊಡುತ್ತಿದ್ದವು. ದಿನಕ್ಕೆ 12 ಗಂಟೆ ಬಿಸಿಲು ಬೀಳುವಲ್ಲಿ, 7 ಗಂಟೆ ಬೀಳುವ ಕಡೆಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ಪೊರೆ ಕಂಡಿತು.

ಹಾಗಾದರೆ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಂಥ ಊರಿನ ಗತಿಯೇನು? ಅಲ್ಲಿ ಮರೆಯಾಗಲು ಬೆಟ್ಟವಿಲ್ಲ. ಜೋಳದ ಹೊಲದಲ್ಲಿ ದುಡಿಯುವವರ ಮೇಲೆ ಬಿಸಿಲು ಬೆಳಗಿನಿಂದ ಬೈಗಿನವರೆಗೆ ಬೀಳುತ್ತಲೇ ಇರುತ್ತದೆ. ನೇಪಾಳದ ಲೆಕ್ಕವನ್ನು ಹಾಗೇ ತಂದು ಇಲ್ಲಿಗೆ ಹಚ್ಚಲಾಗದು. ವಯಸ್ಸು, ಸಕ್ಕರೆ ಕಾಯಿಲೆ, ಒಲೆಯ ಹೊಗೆ ಎಲ್ಲವೂ ಪೊರೆಯ ಜೊತೆಗಾರರೇ. ಅದೂ ಅಲ್ಲದೆ, ವಿಜಯಪುರ ಜಿಲ್ಲೆಯಲ್ಲಿ ಪೊರೆ ಬಂದವರು ಕುರುಡರಾಗಿಯೇ ಉಳಿದಿದ್ದಕ್ಕೆ ಬಿಸಿಲಿಗಿಂತ ಹೆಚ್ಚಾಗಿ ಆಸ್ಪತ್ರೆಯ ದೂರವೇ ಕಾರಣ.

ಡಾಕ್ಟರು ಬರುವುದಕ್ಕೆ ಮೊದಲು ದೇಶದ ಹಲವೆಡೆ ಸೂಜಿ ಹಿಡಿದು ಊರೂರು ತಿರುಗುವ ವೈದ್ಯರಿದ್ದರು. ಸುಶ್ರುತ ಸಂಹಿತೆಯಷ್ಟು ಹಳೆಯ ವಿದ್ಯೆ ಅದು. ಮಂಜಾದ ಮಸೂರವನ್ನು ಸೂಜಿಯಿಂದ ಕಣ್ಣೊಳಗೇ ಕೆಳಕ್ಕೆ ತಳ್ಳಿದರೆ ರೋಗಿಗೆ ಆ ಕ್ಷಣಕ್ಕೇ ಬೆಳಕು ಕಾಣುತ್ತಿತ್ತು. ಕೀವಾಗುವ ಹೊತ್ತಿಗೆ ವೈದ್ಯ ಮುಂದಿನ ಊರಿನಲ್ಲಿರುತ್ತಿದ್ದ!

1880ರ ದಶಕದಲ್ಲಿ ಹೋಟಗಿ–ಗದಗ ರೈಲು ಹಳಿ ಬಿತ್ತು. ಲಚ್ಯಾಣದ ಕಡೆಯವರಿಗೆ ಸೊಲ್ಲಾಪುರ ಹತ್ತಿರವಾಯಿತು. 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಅದು ಕನ್ನಡ ಸೀಮೆಯವರಿಗೂ ಆಸರೆಯಾಯಿತು. ಹಳಿಯೇ ಇಲ್ಲದ ಸಿಂದಗಿ, ಮುದ್ದೇಬಿಹಾಳದವರು ಮಾತ್ರ ಮೊದಲು ಚಕ್ಕಡಿ ಹೂಡಬೇಕಿತ್ತು. ಕಣ್ಣು ಕಾಣದ ಮುದುಕನೊಬ್ಬನ ಸಲುವಾಗಿ ಮನೆಯ ಎತ್ತು, ಆಳು, ರೊಕ್ಕ ಮೂರನ್ನೂ ವಾರಗಟ್ಟಲೆ ಬಿಟ್ಟುಕೊಡುವ ಕುಟುಂಬಗಳು ಎಷ್ಟಿದ್ದಾವು?

ಈ ಲೆಕ್ಕವನ್ನು ತಿರುವಿ ಹಾಕಿದವರು ಇದೇ ಹಳೆಯ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ಹಳ್ಳಿಗೆ ಹೋಗಲಿ ಎಂಬುದು ಅವರ ಹಟ. ಪಂಜಾಬಿನ ಮೋಗಾದಲ್ಲಿ ಡಾ. ಮಥುರಾದಾಸ್ ಅದಾಗಲೇ ಸಾಮೂಹಿಕ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದರು; ಮೋದಿಯವರು ಅದನ್ನು ಊರಿಂದೂರಿಗೆ ಹೊತ್ತು ನಡೆದರು. ಸಾಲು ಮೇಜುಗಳ ಮೇಲೆ ರೋಗಿಗಳು, ಒಂದು ಕಣ್ಣು ಮುಗಿಸಿ ಪಕ್ಕದ ಮೇಜಿಗೆ ಸರಿಯುವ ಡಾಕ್ಟರು. ಒಂದೇ ದಿನ 833 ಪೊರೆ ತೆಗೆದದ್ದು ಗಿನ್ನೆಸ್ ಪುಸ್ತಕ ಸೇರಿತು. 1993ರ ಫೆಬ್ರವರಿವರೆಗಿನ ಲೆಕ್ಕ ಅದೇ ಪುಸ್ತಕದ ಪ್ರಕಾರ 46,120 ಹಳ್ಳಿ, 6,10,564 ಶಸ್ತ್ರಚಿಕಿತ್ಸೆ. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದವು. 2005ರಲ್ಲಿ ಅವರು ತೀರಿಕೊಂಡರು.

ಸಂಖ್ಯೆ ಬೆರಗು ಹುಟ್ಟಿಸುವಂಥದು, ನಿಜ. ಆದರೆ ಆ ಕಾಲದ ಶಸ್ತ್ರಚಿಕಿತ್ಸೆ ಮೇಜಿನ ಮೇಲೆ ಮುಗಿಯುತ್ತಿರಲಿಲ್ಲ. ಮಸೂರವನ್ನು ಪೂರ್ತಿ ತೆಗೆದುಬಿಡುತ್ತಿದ್ದರು, ಬದಲಿಗೆ ಒಳಗೆ ಏನನ್ನೂ ಇಡುತ್ತಿರಲಿಲ್ಲ. ಪಟ್ಟಿ ಕಟ್ಟಿಕೊಂಡು ಅಲುಗದೆ ದಿನಗಟ್ಟಲೆ ಮಲಗಬೇಕು. ಆಮೇಲೆ ಸಿಗುವುದು ಹತ್ತು ನಂಬರಿನ ಆಸುಪಾಸಿನ ದಪ್ಪ ಗಾಜಿನ ಚಾಳೀಸು. ಅದರೊಳಗಿಂದ ನೋಡಿದರೆ ಎಲ್ಲವೂ ನಾಲ್ಕನೇ ಒಂದು ಪಾಲಿನಷ್ಟು ದೊಡ್ಡದು, ಅಷ್ಟೇ ಹತ್ತಿರ. ಮೆಟ್ಟಿಲಿಗೆ ಇಟ್ಟ ಕಾಲು ಗಾಳಿಗೆ ಬೀಳುತ್ತಿತ್ತು. ಪಕ್ಕದಿಂದ ಬರುವ ದನ, ಗಾಡಿ ಎದುರಿಗೆ ಬರುವ ತನಕ ಕಾಣುತ್ತಿರಲಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದವರಿಗೆ ಎರಡರ ಚಿತ್ರಗಳೂ ಕೂಡುತ್ತಿರಲಿಲ್ಲ. ಚಾಳೀಸು ಒಡೆದರಂತೂ ಕುರುಡುತನ ಮರಳಿ ಮನೆಗೇ ಬಂದಂತೆ. ಶಿಬಿರದ ಲೆಕ್ಕದಲ್ಲಿ ಗುಣವಾದವರ ಸಾಲಿನಲ್ಲೇ ಇದ್ದ ಅಜ್ಜ, ಹೊಸ ಗಾಜು ಸಿಗದೆ ಮತ್ತೆ ಗೋಡೆ ಹಿಡಿದು ನಡೆಯಬೇಕಿತ್ತು.

ಒಳಗೆ ಕೂರಿಸುವ ಮಸೂರವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿ ತೋರಿಸಿದ್ದರು. ಅದು ಬಡವರ ಕಣ್ಣಿಗೆ ಬರಲು ನಾಲ್ಕು ದಶಕ ಬೇಕಾಯಿತು. ಮಧುರೈಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಕಟ್ಟಿ ಅಗ್ಗದ ಮಸೂರ ತಯಾರಿಸಿದರು. ಕಠ್ಮಂಡುವಿನಲ್ಲಿ 1994ರಲ್ಲಿ ಶುರುವಾದ ತಿಲಗಂಗಾ ಕೇಂದ್ರದಲ್ಲಿ, ಟಿಬೆಟ್ ಗಡಿಯ ಗುಡ್ಡದೂರಿನಲ್ಲಿ ಹುಟ್ಟಿದ ಡಾ. ಸಂಡುಕ್ ರುಯಿತ್ ಅದೇ ಕೆಲಸ ಮಾಡಿದರು. ಹೊಲಿಗೆ ಹಾಕದೆ ಸಣ್ಣ ಸೀಳಿನಲ್ಲೇ ಮಸೂರ ಕೂರಿಸುವ ಪದ್ಧತಿ ಬೆಟ್ಟಕ್ಕೂ ಬಯಲಿಗೂ ಒಗ್ಗಿತು.

ಸೋಂಕಿನ ಭಯದಿಂದ ಶಾಲೆ, ಛತ್ರಗಳಲ್ಲಿ ಕಣ್ಣು ಕೊಯ್ಯುವುದು ಕಡಿಮೆಯಾಯಿತು. ಈಗ ಹಳ್ಳಿಯಲ್ಲಿ ತಪಾಸಣೆ, ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಆಸ್ಪತ್ರೆಯಲ್ಲಿ ಆಪರೇಶನ್. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಮಸೂರಕ್ಕೂ ದುಡ್ಡು ಕೊಡಬೇಕಿಲ್ಲ.

ಆದರೂ ಈಗ ಅಡ್ಡಿಯಾಗಿರುವುದು ಋತುಮಾನ. ಕಣ್ಣಿನ ಆಪರೇಶನ್ನಿಗೆ ಚಳಿಗಾಲವೇ ಒಳ್ಳೆಯದೆಂಬ ಹಳೆಯ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಇಂಡಿ, ಸಿಂದಗಿ ಕಡೆಯ ಅನೇಕ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಾರ್ಖಾನೆಗಳತ್ತ ಹೋಗುವುದೂ ಅದೇ ತಿಂಗಳುಗಳಲ್ಲಿ. ಮನೆಯಲ್ಲಿ ಉಳಿಯುವವರು ಮೊಮ್ಮಕ್ಕಳು, ಅವರನ್ನು ನೋಡಿಕೊಳ್ಳುವ ಅಜ್ಜಿಯರು. ಶಿಬಿರದ ಗಾಡಿ ಊರ ಅಗಸಿಗೆ ಬಂದು ನಿಂತರೂ ತೋಟದ ವಸ್ತಿಯಿಂದ ಅಜ್ಜಿಯನ್ನು ಕೈಹಿಡಿದು ಅಲ್ಲಿಗೆ ಕರೆತರಲು ಮನೆಯಲ್ಲಿ ದೊಡ್ಡವರಿರುವುದಿಲ್ಲ.