ಬದುವಿನ ಕತ್ತಾಳಿ

ಹೋದ ವರ್ಷ ಮಗ ನರ್ಸರಿಯಿಂದ ಒಂದು ಕುಂಡ ತಂದ. ಸುತ್ತುಗಟ್ಟಿ ಕೂತ ದಪ್ಪ ಎಲೆ, ಅಂಚಿಗೆ ಹಳದಿ ಪಟ್ಟಿ. ನೋಡಿದರೆ ನಮ್ಮ ಕತ್ತಾಳಿ! ರೊಕ್ಕ ಕೊಟ್ಟು ತಂದದ್ದಲ್ಲವೇ ಎಂದು ನಾನೇ ದಿನಾ ನೀರು ಹಾಕಿದೆ. ಎರಡು ತಿಂಗಳಲ್ಲಿ ಬುಡ ಕೊಳೆಯಿತು.

ಮುತ್ಯಾ ಇದ್ದಿದ್ದರೆ ನಗುತ್ತಿದ್ದ. ಮಳೆಗೆ ಮುಂಚೆ ಬುಡದ ಮರಿ ಕಿತ್ತು, ಬದುವಿನ ಗರಸಿನಲ್ಲಿ ಸಾಲಾಗಿ ಊರಿದರೆ ಮುಗಿಯಿತು, ಮತ್ತೆ ಅತ್ತ ಹೊರಳಿಯೂ ನೋಡುತ್ತಿರಲಿಲ್ಲ. ಎಲೆಯ ತುದಿಮುಳ್ಳಿಗೆ ಹೆದರಿ ದನ ಒಳಗೆ ಹಾಯುತ್ತಿರಲಿಲ್ಲ. ಮಿರಜ ಕಡೆಯ ಮಂದಿ ಘಾಯಪಾತ ಎನ್ನುವ ಈ ಗಿಡದ ತವರು ಮೆಕ್ಸಿಕೋ. ಜೀವ ಗಟ್ಟಿ, ಆದರೂ ಪ್ರಯಾಣ ಒಗ್ಗದು: 1893ರಲ್ಲಿ ಜರ್ಮನ್ ಕೃಷಿತಜ್ಞ ರಿಚರ್ಡ್ ಹಿಂಡಾರ್ಫ್ ಫ್ಲೋರಿಡಾದಿಂದ ಪೂರ್ವ ಆಫ್ರಿಕಕ್ಕೆ ತರಿಸಿದ ಇದರ ದಾಯಾದಿ ಸಿಸಾಲ್‌ನ 1000 ಮರಿಗಳಲ್ಲಿ ಉಳಿದದ್ದು 62. ಅಲ್ಲಿನ ನಾರಿನ ತೋಟಗಳು ಶುರುವಾದದ್ದು ಆ 62ರಿಂದ.

ನಮ್ಮಲ್ಲಿ ತೋಟವಿರಲಿಲ್ಲ, ಬೇಲಿಯೇ ನಾರು. ಎಲೆ ಕೊಯ್ದು ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ನೆನೆಹಾಕುತ್ತಿದ್ದರು. ವಾರ ಕಳೆದರೆ ಆ ದಾರಿಯಲ್ಲಿ ಮೂಗು ಮುಚ್ಚಿಕೊಂಡೇ ನಡೆಯಬೇಕು. ಕೊಳೆತ ಎಲೆಯನ್ನು ಬಂಡೆಗೆ ಬಡಿದು, ತೊಳೆದು, ಹರವಿದರೆ ಬಿಳಿ ನಾರು. ಅದನ್ನು ತೊಡೆಯ ಮೇಲೆ ಹೊಸೆದರೆ ಕಣ್ಣಿ, ದಾವಣಿ, ನೆಲುವು. ಹಸಿ ಎಲೆಯ ರಸ ತಾಗಿದರೆ ಮೈಯೆಲ್ಲ ನವೆ. ಹಗ್ಗ ಮಾಡುವವರ ಮುಂಗೈ ಸದಾ ಕೆಂಪು. ಅವರಿಗೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಆಯದ ಜೋಳ. ಕಾರಹುಣ್ಣಿವೆಗೆ ಹೊಸ ಹಗ್ಗ ಹಾಕಿಸಿಕೊಂಡ ಎತ್ತಿಗೆ ಆರತಿ ಎತ್ತಿದೆವು, ಹಗ್ಗ ಹೊಸೆದವರನ್ನು ಮಾತ್ರ ಅಂಗಳದಲ್ಲೇ ನಿಲ್ಲಿಸಿದೆವು. ಆ ಕಾಲ ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

1977ರಲ್ಲಿ ಹಿಡಕಲ್ ಅಣೆಕಟ್ಟು ಮುಗಿಯಿತು. ಘಟಪ್ರಭೆಯ ಕಾಲುವೆ ನೀರಿಗೆ ಕಬ್ಬು ಬಂತು. ಗೇಣು ನೆಲಕ್ಕೂ ಬೆಲೆ ಬಂದ ಮೇಲೆ, ನಾಲ್ಕು ಮೊಳ ಹರಡಿಕೊಂಡು ಕೂತ ಕತ್ತಾಳಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಷ್ಟರಲ್ಲಿ ಸಂತೆಗೆ ನೈಲಾನ್ ಹಗ್ಗವೂ ಬಂದಿತ್ತು. ನಮ್ಮ ಅಪ್ಪನೇ ಜೆಸಿಬಿ ಕರೆಸಿ ಇಡೀ ಸಾಲನ್ನು ಬುಡಸಮೇತ ಎತ್ತಿಸಿದ.

ಈಗ ಹೊಲದಲ್ಲಿ ಬದು ಎಲ್ಲಿತ್ತೆಂಬುದೇ ತಕರಾರು. ಮೋಜಣಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದೇನೆ.